ಕೆಳಗೆ ಯಾರಿದ್ದಾರೆ

ರೊವೆನಾ ಸ್ಟಾಡ್ ಬಂದದ್ದು ಏಪ್ರಿಲ್ ಹನ್ನೊಂದಕ್ಕೆ,
ತೂಬು ಎತ್ತಲು ಇನ್ನು ನಾಲ್ಕು ದಿನ.
ಮೊಣಕಾಲವರೆಗೆ ಬೂಟು, ಕಂಕುಳಲ್ಲಿ ನಕ್ಷೆ.
ಪೂರ್ವ ಆರೆಗನ್ನಿನ ಈ ಬೋಳು ಕಣಿವೆಗೆ
ಮೂವತ್ತೊಂದು ವರ್ಷದ ನೀರಗಂಟಿ ನಾನು.
ಏರಿಯ ಮೈ ಒತ್ತಿ ಒತ್ತಿ ತೋರಿಸಲು ಸಿದ್ಧನಾಗಿದ್ದೆ:
ಇಲ್ಲಿ ಬ್ಯಾಜರ್ ತೋಡಿದ ಬಿಲ, ಜೇಡಿ ತುರುಕಿ ಮುಚ್ಚಿದ್ದೇನೆ.
ಇಲ್ಲಿ ಹಿಮ ಕರಗುವಾಗ ಜಿನುಗುತ್ತದೆ, ಆದರೆ ತಿಳಿನೀರು.
ಕದಡಿ ಬಂದರಷ್ಟೇ ಹೆದರು, ಅನ್ನುತ್ತಿದ್ದ ಅಪ್ಪ,
ಕುರಿ ಕಾಯಲೆಂದು ಬಾಸ್ಕ್ ಬೆಟ್ಟಗಳಿಂದ ಬಂದು
ನೀರು ಕಾಯುತ್ತ ನಿಂತುಬಿಟ್ಟವನು.

ಅವಳು ಏರಿಗೆ ಬೆನ್ನು ಹಾಕಿ ನಿಂತಳು.
ದುರ್ಬೀನು ಹಿಡಿದದ್ದು ಕೆಳಕ್ಕೆ:
ಒಣ ತೊರೆಯ ಸೊಟ್ಟ ದಾರಿ, ಸೇಜ್ ಪೊದೆ, ಈರುಳ್ಳಿ ಮಡಿ,
ಆಮೇಲೆ ಆ ಬಿಳಿ ಟ್ರೇಲರ್ ಮನೆ.
"ಅದು ಯಾವಾಗ ಬಂತು?"
"ಹೋದ ಅಕ್ಟೋಬರಿನಲ್ಲಿ."
"ರಾತ್ರಿ ಎಷ್ಟು ಜನ ಮಲಗುತ್ತಾರೆ?"

ಎಷ್ಟು ಎಕರೆಗೆ ಎಷ್ಟು ಗಂಟೆ ನೀರು,
ಯಾವ ಗೇಟಿನ ತಿರುಪು ತುಕ್ಕು ಹಿಡಿದಿದೆ,
ಪ್ರೂಯಿಟ್ ಕತ್ತಲಲ್ಲಿ ಎಷ್ಟು ಕದಿಯುತ್ತಾನೆ,
ಎಲ್ಲ ನನಗೆ ಬಾಯಿಪಾಠ.
ಮಲಗುವವರ ಲೆಕ್ಕ ಯಾರೂ ಕೇಳಿರಲಿಲ್ಲ.

ಜೂನಿನಲ್ಲಿ ಕಾಗದ ಬಂತು.
ಅಪಾಯದ ದರ್ಜೆ: ಹಿಂದೆ ಕಡಿಮೆ, ಈಗ ಅತಿ ಹೆಚ್ಚು.
ಮನೆಯ ಮಗಳ ಮೇಲೆ ಯಾರೋ ಚಾಡಿ ಹೇಳಿದ ಹಾಗೆ
ಮೈ ಉರಿಯಿತು. ಫೋನು ಮಾಡಿದೆ.
"ನನ್ನ ಏರಿಗೆ ಏನು ಬಂದಿದೆ?"
"ಏನೂ ಬಂದಿಲ್ಲ, ಗಟ್ಟಿಯಾಗಿದೆ.
ಒಡೆಯುತ್ತದೋ ಇಲ್ಲವೋ ಎಂದು ಈ ದರ್ಜೆ ಕೇಳುವುದಿಲ್ಲ.
ಒಡೆದರೆ ಯಾರು, ಅಷ್ಟೇ."

ನೀರಾವರಿ ಸಂಘದ ಸಭೆ. ಕಾಫಿ ಆರಿತ್ತು.
ದರ್ಜೆ ಏರಿದ ಮೇಲೆ ಕೋಡಿ ಅಗಲಿಸಲೇಬೇಕು,
ಒಂಬತ್ತು ಲಕ್ಷ ಡಾಲರು.
ಲೆಲಂಡ್ ಪ್ರೂಯಿಟ್ ಎದ್ದ: "ಟ್ರೇಲರಿಗೆ ನಲವತ್ತು ಸಾವಿರ.
ಕೊಂಡು ದಿಬ್ಬದಾಚೆ ಎಳೆದಿಟ್ಟರೆ
ಡ್ಯಾಮು ಮತ್ತೆ ಸಾಧು. ಚಕ್ರವೂ ಇದೆಯಲ್ಲ ಅದಕ್ಕೆ!"
ನಕ್ಕರು.
ನಾನೂ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಹೋಗಿ ಬಾಗಿಲು ತಟ್ಟಿದೆ.
ಒಫೀಲಿಯಾ ಬಾರಾಗಾನ್ ನಿದ್ದೆಗಣ್ಣಲ್ಲಿ ತೆರೆದಳು.
ರಾತ್ರಿಯಿಡೀ ಈರುಳ್ಳಿ ಶೆಡ್ಡಿನಲ್ಲಿ ದುಡಿಮೆ,
ಅವಳಿಗೆ ಹಗಲೇ ರಾತ್ರಿ;
ನಮೂನೆಯಲ್ಲಿ ಅದಕ್ಕೊಂದು ಕಾಲಮ್ ಇಲ್ಲ.
ಅವಳ ಹಿಂದೆ ಹತ್ತು ವರ್ಷದ ಹುಡುಗಿ ಇಟ್ಸೆಲ್,
ಸೊಂಟದ ಮೇಲೆ ತಮ್ಮ.
ಹೇಗೆ ಹೇಳಬೇಕೋ ಹಾಗೆ ಹೇಳಲಾಗಲಿಲ್ಲ,
ಸೈರನ್ನು, ನನ್ನ ನಂಬರು, ಹತ್ತೊಂಬತ್ತು ನಿಮಿಷ ಎಂದು ತೊದಲಿದೆ.
ತಾಯಿ ಕಾಫಿ ಬೇಕೇ ಎಂದಳು.
ಹುಡುಗಿ ಏನೂ ಅನ್ನಲಿಲ್ಲ.

ಮೂರು ದಿನದ ಮೇಲೆ ನಾಲೆ ಬದಿಯಲ್ಲಿ ನಿಂತಿದ್ದಳು,
ನನ್ನ ಪಿಕಪ್ಪಿಗೆ ಅಡ್ಡ ಕೈ ಚಾಚಿ.
"ದಿಬ್ಬದ ತುದಿಗೆ ಹನ್ನೊಂದು ನಿಮಿಷ.
ತಮ್ಮನನ್ನು ಎತ್ತಿಕೊಂಡರೆ ಹದಿನಾಲ್ಕು.
ಅಮ್ಮನನ್ನು ಎಬ್ಬಿಸೋಕೆ ಎರಡು.
ಇನ್ನೂ ಮೂರು ಉಳಿಯುತ್ತೆ."
ಹೋಮ್‌ವರ್ಕ್ ಒಪ್ಪಿಸಿದ ಹಾಗೆ ಹೇಳಿ
ಸೈಕಲ್ ಹತ್ತಿ ಹೋದಳು.

ಮತದಾನ ಸೆಪ್ಟೆಂಬರಿಗೆ. ನನಗೆ ಮತವಿಲ್ಲ,
ನೀರಗಂಟಿ ಸಂಬಳದವನು.
ಏರಿ ಮೊದಲಿನ ಹಾಗೆಯೇ ಇದೆ, ಒಂದು ಗೇಣೂ ಕುಸಿದಿಲ್ಲ.
ಆದರೂ ಈಗ ರಾತ್ರಿ ಎರಡು ಸಲ ಬರುತ್ತೇನೆ.
ಉಪ್ಪಿನಕಾಯಿಯ ಗಾಜಿನ ಸೀಸೆಗೆ ಜಿನುಗು ಹಿಡಿದು
ಟಾರ್ಚಿಗೆ ಒಡ್ಡಿ ನೋಡುತ್ತೇನೆ.
ತಿಳಿಯಾಗಿದೆ.
ಚೆಲ್ಲಿ, ಮತ್ತೊಮ್ಮೆ ಹಿಡಿಯುತ್ತೇನೆ.