ಎರಡನೆಯ ಎಕ್ಸ್

ಹೆಸರಿಗೆ ಎರಡು ಎಕ್ಸ್ ಬೇಕು, ನಮ್ಮ ಡಬ್ಬದಲ್ಲಿ ಒಂದೇ.
ಇನ್ನೊಂದು ಹೋದ ಚಳಿಗಾಲದ ಗಾಳಿಗೆ ಹಾರಿ
ಬ್ಯಾಂಕಿನ ಮುಂದೆ ಲಾರಿಯ ಚಕ್ರಕ್ಕೆ ಸಿಕ್ಕಿತು.
ಕರೆಂಟಿನವರ ಕಪ್ಪು ಟೇಪಿನ ಎರಡು ತುಂಡು
ಅಡ್ಡಡ್ಡ ಅಂಟಿಸಿ, ಏಣಿಯ ಕೊನೆ ಮೆಟ್ಟಿಲಲ್ಲಿ ನಿಂತು
'ವೆಕ್ಸಾರಿಕ್ಸ್' ಎಂದು ಜೋಡಿಸಿ ಇಳಿದೆ.
ಕೈಗವಸಿನೊಳಗಿನ ಬೆರಳುಗಳು ಆಗ ನನ್ನವಲ್ಲ.

ಕೆಳಗೆ ಕತ್ತೆತ್ತಿ ನಿಂತಿದ್ದ ಆರ್ವಿಡ್ ಲಹ್ತಿ,
ಮೂವತ್ತೊಂದು ವರ್ಷ ತಾಮ್ರದ ಗಣಿಯಲ್ಲಿ ಕೆಮ್ಮಿದವನು,
"ಇದೇನು, ಔಷಧಿಯೆ?" ಎಂದ.
"ಊಟಕ್ಕೆ ಮೊದಲೋ, ಆಮೇಲೋ?"

ಒಂದೂವರೆ ವರ್ಷದಿಂದ ಇದೇ ಸದ್ದು.
ಜ್ಯೂಸಿನ ಲೋಟದ ಮೇಲೆ, ಟಯರ್ ಅಂಗಡಿಯ ಕ್ಯಾಲೆಂಡರಿನಲ್ಲಿ,
ಕಡೆಗೆ ಮೊಟ್ಟೆಯ ಟ್ರೇಯ ಮೇಲೂ
ಅದೇ ಐದು ಕಣ್ಣಿನ ಮುಖ.
ಕೂಸು ಹುಟ್ಟುವ ಮುಂಚೆ ಕುಲಾವಿಯಷ್ಟೇ ಅಲ್ಲ,
ಅದರ ಮದುವೆ, ಮೊಮ್ಮಗು,
ಎರಡನೆಯ ಭಾಗದ ತಾರೀಖು.

ಲಾಬಿಗೆ ಏಳಡಿಯ ರಟ್ಟಿನ ವೀರ ಬಂದ ದಿನ
ಮಿಲ್ಕಾ ಅಜ್ಜಿ ಅವನ ಭುಜಕ್ಕೆ
ತನ್ನ ಒದ್ದೆ ಕೋಟು ತಗಲಿಹಾಕಿದಳು.
ರಟ್ಟು ನೆನೆದು ಬಾಗಿತು.
ಈಗ ಅವನು ಭೂಮಿ ಉಳಿಸುವವನಲ್ಲ,
ಬಿದ್ದ ಚಿಲ್ಲರೆ ಹುಡುಕುವವನು.

ಟ್ರೇಲರ್ ಹಾಕಿದಾಗ ನಗಬಾರದ ಕಡೆ ಜನ ನಕ್ಕರು.
ತೆರೆಯ ತುಂಬ, ಅಗೆದು ಬರಿದು ಮಾಡಿದ ಒಂದು ಗ್ರಹ,
ನಡುವೆ ಕೆಂಪು ನೀರಿನ ಸತ್ತ ಕೆರೆ.
ನಗಾರಿಗಳೆದ್ದು, 'ನೀವೆಂದೂ ಕಾಣದ ಲೋಕ'
ಎಂದು ಅಕ್ಷರ ಹೊಳೆದದ್ದೇ ತಡ,
ಹಿಂದಿನ ಸಾಲಿನಿಂದ ಯಾರೋ:
"ಅದು ನಮ್ಮ ಹಿತ್ತಲು ಕಣಯ್ಯಾ!"

ಸುಳ್ಳಲ್ಲ. ನಮ್ಮ ಬೀದಿ ಮುಗಿಯುವಲ್ಲಿ ಬೇಲಿ,
ಬೇಲಿಯಾಚೆ ಗುಂಡಿ, ಗುಂಡಿಯಲ್ಲಿ ಅದೇ ನೀರು.
ಹಾರಿ ದಣಿದ ಬಾತುಗಳು ಇಳಿಯದಿರಲೆಂದು
ರಾತ್ರಿಯೆಲ್ಲ ಆಗಾಗ ಸಿಡಿಯುವ ಖಾಲಿ ಬಂದೂಕು.
ಬೆಟ್ಟ ಅಗೆದು ಇಲಿ ಹಿಡಿಯುವುದು
ಬೇರೆ ಕಡೆ ಗಾದೆಯಿರಬಹುದು.
ಮೊಂಟಾನಾದ ಈ ಮೂಲೆಯಲ್ಲಿ
ಅದು ಸಂಬಳ, ಆಮೇಲೆ ಪಿಂಚಣಿ, ಆಮೇಲೆ ಕೋರ್ಟು.
ಇಂಥ ಊರಿಗೆ ಬಂದು
"ಖರ್ಚಾದದ್ದು ಎಷ್ಟು ಗೊತ್ತೆ?" ಎನ್ನುತ್ತಾರೆ.

ನಾಲ್ಕು ವಾರ ಮತ್ತೇನೂ ಹಾಕುವಂತಿಲ್ಲ,
ಹಾಗಂತ ಕರಾರು. ನಮಗಿರುವುದೇ ಒಂದು ಪರದೆ.
ಸಹಿ ಮಾಡಿದ ಮಾಲೀಕ ಡೆಂಜಿಲ್
ಪೆನ್ನಿನ ಮುಚ್ಚಳ ಕಚ್ಚುತ್ತಾ ಅಂದ:
"ಚೆನ್ನಾಗಿಲ್ಲದಿದ್ದರೆ ಎರಡನೆಯ ವಾರಕ್ಕೆ
ಆ ರಟ್ಟಿನವನೂ ಎದ್ದು ಹೋಗುತ್ತಾನೆ."

ಮಂಗಳವಾರ ಪೆಟ್ಟಿಗೆ ಬಂತು.
ಬೂಟಿನ ಡಬ್ಬಕ್ಕಿಂತ ಚಿಕ್ಕದು.
ಗುರುವಾರ ಸಂಜೆ ಐದರವರೆಗೆ ಅದರ ಬೀಗ
ಇಲ್ಲಿ ಯಾರಿಂದಲೂ ತೆರೆಯದು.
ಪ್ರೊಜೆಕ್ಟರ್ ಕೋಣೆಯಲ್ಲಿ ಒಬ್ಬಳೇ ಇದ್ದಾಗ
ಕಿವಿಯಿಟ್ಟು ಕೇಳಿದೆ, ಯಾರಿಗೂ ಹೇಳಬೇಡಿ.
ಊರಿನ ಅಷ್ಟೂ ಕುಹಕ ಹೊತ್ತು
ತಣ್ಣಗೆ ಕೂತಿತ್ತು.
ಇನ್ನೂ ಒಳ್ಳೆಯದಲ್ಲ, ಇನ್ನೂ ಕೆಟ್ಟದ್ದಲ್ಲ.
ಅಂಥ ಹೊತ್ತು ನನಗೂ ಒಮ್ಮೆ ಇತ್ತು,
ಹದಿನೇಳರಲ್ಲಿ, ಸುಮಾರು ಎರಡು ದಿನ.

ಗುರುವಾರ ಮೊದಲು ಬಾಗಿಲು ತಳ್ಳಿದವನು ಆರ್ವಿಡ್.
"ಎಫ್ ಸಾಲಿನ ಏಳನೆಯ ಕುರ್ಚಿಯ ಸ್ಪ್ರಿಂಗ್
ಸರಿಮಾಡಿಸಿದಿರಾ?"
"ಇಲ್ಲ."
"ನನಗೆ ಗೊತ್ತಿತ್ತು," ಎಂದು ಅದೇ ಕುರ್ಚಿಗೆ ದುಡ್ಡು ಕೊಟ್ಟ.
ಟೇಪಿನ ಎಕ್ಸ್ ಒಂದು ಕಾಲು ಕಳಚಿ ಜೋತಾಡುತ್ತಿದೆ ಎಂದೂ ದೂರಿದ,
ಸಿನಿಮಾ ಹೀಗೇ ಇರುತ್ತದೆ, ನೋಡುತ್ತಿರು, ಎಂದ.
ಆದರೆ ತಲೆ ಬಾಚಿ ಬಂದಿದ್ದ.
ಒದ್ದೆ ಕೂದಲ ಬೈತಲೆಯುದ್ದಕ್ಕೂ
ಮಂಜು ಕಟ್ಟಿತ್ತು.

ಹೊರಗೆ ನಾಲ್ಕೂವರೆಗೇ ಸೂರ್ಯ ಮುಳುಗಿಯಾಗಿತ್ತು.
ಟಿಕೇಟನ್ನು ಎರಡು ಸಲ ಮಡಚಿ
ಯಾರಿಗೂ ಕೇಳದ ಹಾಗೆ ಬಗ್ಗಿ ಕೇಳಿದ:
"ಒಳಗೆ ಕತ್ತಲಾಗುವುದು ಎಷ್ಟು ಗಂಟೆಗೆ?"