ಮತ್ತೆ ಹದಿನಾಲ್ಕು

ನನ್ನ ಕೆಲಸ ಇಷ್ಟೇ:
ಚೆಂಡು ಕೈಗೆ ಬಂತೋ, ಇಪ್ಪತ್ನಾಲ್ಕು.
ಎಸೆದದ್ದು ರಿಂಗಿಗೆ ತಗುಲಿ ಎಸೆದವರ ಕೈಗೇ ಮರಳಿತೋ, ಹದಿನಾಲ್ಕು.
ಎರಡು ಗುಂಡಿ, ಒಂದು ತೋರುಬೆರಳು.
ಹಗಲು, ಕಪ್ಪು ರೊಟ್ಟಿಯ ಕಾರ್ಖಾನೆಯಲ್ಲಿ ಒಲೆಯ ಗಂಟೆ ಕಾಯುವವಳು;
ಸಂಜೆ, ಪಾನೆವೆಝಿಸ್ ಊರಿನ ಕ್ರೀಡಾಂಗಣದಲ್ಲಿ
ಎರಡು ಮೀಟರ್ ಎತ್ತರದ ಗಂಡಸರಿಗೆ
ಸೆಕೆಂಡು ಅಳೆದು ಕೊಡುವವಳು,
ಸೇರಿನ ತಲೆ ಸವರಿ ಅಳೆದ ಹಾಗೆ,
ಒಂದು ಕಾಳೂ ಹೆಚ್ಚಿಲ್ಲ.

ಡಾಂಗುವೊಲೆ, ನಿನ್ನ ಬೆರಳು ನಿಧಾನ
ಎಂದು ಬೈದ ಕೋಚುಗಳು ಮೂವರು.
ಮೂವರೂ ಊರು ಬಿಟ್ಟರು. ಬೆರಳು ಇದೆ.

ಆ ಮಾರ್ಚಿನಲ್ಲಿ ನಾವು ಒಂಬತ್ತನೆಯವರು.
ಎಂಟರೊಳಗೆ ಬಂದರೆ ಮುಂದಿನ ಸುತ್ತು.
ಒಂದು ಗೆಲುವು ಸಾಕು, ಮೂರು ಆಟ ಬಾಕಿ.
ಇಡೀ ಊರಿಗೆ ಈ ಲೆಕ್ಕ ಬಾಯಿಪಾಠ;
ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕನ್ನಡಿ ಇಟ್ಟು
ಅದನ್ನೇ ಹೇಳಿದ, ನಾನು ಆ ಆ ಎಂದೆ.

ಮೊದಲ ಆಟಕ್ಕೆ ಜನ ಬೇಡ ಎಂದರು.
ಬಾಗಿಲು ಹಾಕಿಕೊಂಡು ಆಡಿದರು.
ಹತ್ತೊಂಬತ್ತು ವರ್ಷದಲ್ಲಿ ಆವತ್ತು ಗೊತ್ತಾಯಿತು
ಬಲೆಗೂ ಒಂದು ದನಿ ಇದೆ,
ಹಳೆ ಸೀರಿನ ಬಟ್ಟೆ ಹರಿದ ಹಾಗೆ.
ಬೂಟುಗಳ ಕಿರುಗುಟ್ಟು. ಯಾರದೋ ಮೂಗಿನ ಉಸಿರು.
ಫ್ರೀ ಥ್ರೋಗೆ ಮುಂಚೆ ಅಮೆರಿಕದ ಹುಡುಗ ಲಾಮೊಂಟ್
ತನ್ನಷ್ಟಕ್ಕೆ ಗೊಣಗಿಕೊಳ್ಳುವುದು: ಒಂದು, ಎರಡು, ಅಮ್ಮ.
ಮೂರನೇ ಸಾಲಿನಲ್ಲಿ ಡೋಲಿನ ವೈಡೋಟಾಸ್ ಇಲ್ಲ,
ಸೀಟಿನ ಕೆಳಗೆ ಡೋಲು ಮಾತ್ರ,
ಬರುತ್ತೇನಲ್ಲ ಎಂದು ಬಿಟ್ಟುಹೋದದ್ದು.

ಎರಡು ಅಂಕದಲ್ಲಿ ಸೋತೆವು. ಇರಲಿ, ಇನ್ನೂ ಎರಡಿವೆ.

ಮರುದಿನ ಮಧ್ಯಾಹ್ನ ಫೋನು.
ಲೀಗು ಮುಗಿಯಿತಂತೆ. ಇದ್ದ ಪಟ್ಟಿಯೇ ಕೊನೆಯ ಪಟ್ಟಿ.
ಚಾಂಪಿಯನ್ ಯಾರೆಂದು ಕಾಗದದ ಮೇಲೆ ತೀರ್ಮಾನ,
ಬಂಗಾರದ ಪದಕ ಕೊರಿಯರಿನಲ್ಲಿ.
ನಾವು ಒಂಬತ್ತರಲ್ಲೇ ಉಳಿದೆವು,
ಫೋಟೋದಲ್ಲಿ ರೆಪ್ಪೆ ಮುಚ್ಚಿದವನು
ಎಂದೆಂದಿಗೂ ಮುಚ್ಚಿಕೊಂಡೇ ಇರುವ ಹಾಗೆ.
ಹೇಳಿದರೆ ನಗುತ್ತೀರಿ, ನನಗಾದದ್ದು ಹೊಟ್ಟೆಕಿಚ್ಚು:
ನನ್ನ ಗುಂಡಿ ಮುಟ್ಟದೆ
ಯಾರೋ ಗಡಿಯಾರ ನಿಲ್ಲಿಸಿದ್ದರು.

ಆಮೇಲೆ ಹಿಟ್ಟು ನಾದುವ ಯುರ್ಗಿತಾಗೆ ಕೆಮ್ಮು.
ನಮಗೆಲ್ಲ ಮನೆವಾಸ, ಹದಿನಾಲ್ಕು ದಿನ.
ಹದಿನಾಲ್ಕು!
ರಿಂಗಿಗೆ ತಗುಲಿದೆ, ಒಳಗೆ ಬಿದ್ದಿಲ್ಲ,
ಚೆಂಡು ಇನ್ನೂ ನಮ್ಮ ಕೈಲಿದೆ, ಅಂದುಕೊಂಡೆ.
ಹನ್ನೊಂದನೆಯ ದಿನ ಗಂಡನಿಗೆ ಜ್ವರ.
ಮತ್ತೆ ಹದಿನಾಲ್ಕು.

ಮೇಲಿನ ಮಹಡಿಯಲ್ಲಿ ಲಾಮೊಂಟ್. ವಿಮಾನವಿಲ್ಲ, ಸಂಬಳ ಅರ್ಧ.
ನಮ್ಮ ಬಾಗಿಲಲ್ಲಿ ಹಾಲು ಇಟ್ಟು, ಗಂಟೆ ಒತ್ತಿ, ಓಡುತ್ತಿದ್ದ.
ರಾತ್ರಿ ಗೋಡೆಗೆ ಏನೋ ಮೆತ್ತಗೆ ಬಡಿಯುವ ಸದ್ದು,
ಕಾಲುಚೀಲ ಸುತ್ತಿ ಮಾಡಿದ ಉಂಡೆಯಿರಬೇಕು.
ದೂರು ಕೊಡುವ ಬದಲು ಎಣಿಸುತ್ತ ಕೂತೆ.
ಇಪ್ಪತ್ತಮೂರಕ್ಕೆ ಎಸೆಯುತ್ತಿದ್ದ, ಪ್ರತಿ ಸಲ.
ಒಳ್ಳೆ ಹುಡುಗ.

ಅಂಗಳದ ರಿಂಗಿಗೆ ನಗರಸಭೆಯವರು ಅಡ್ಡ ಹಲಗೆ ಬಡಿದರು.
ಅದರಾಚೆ ಹೊಲ, ಹೊಲದಲ್ಲಿ ಕಂಬ,
ಕಂಬದ ತುದಿಗೆ ಹಳೆಯ ಬಂಡಿಚಕ್ರ,
ಕೊಕ್ಕರೆಗೆಂದು ಯಾರ ಅಜ್ಜನೋ ಕಟ್ಟಿದ್ದು.
ಈ ವರ್ಷ ನಾಲ್ಕು ದಿನ ತಡವಾಗಿ ಬಂತು,
ಅಷ್ಟು ಗಡಿ ದಾಟಿ, ಯಾರನ್ನೂ ಕೇಳದೆ,
ಮೇಲಿಂದ ನೇರ ಚಕ್ರದೊಳಕ್ಕೆ,
ಅಂಚಿಗೆ ರೆಕ್ಕೆ ಸೋಕದೆ.
ಮೇಲಿನ ಕಿಟಕಿ ತೆರೆದು ಲಾಮೊಂಟ್ ಕೂಗಿದ: ಮೂರು!
ನಮ್ಮ ಭಾಷೆಯಲ್ಲಿ ಅವನಿಗೆ ಬರುವ
ನಾಲ್ಕು ಮಾತಿನಲ್ಲಿ ಒಂದು.

ಜೂನಿನಲ್ಲಿ ವೈಡೋಟಾಸನ ಮಗಳು ಡೋಲು ಕೇಳಲು ಬಂದಳು.
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಬೀಗದಕೈ ಇಸಕೊಂಡು ನಾನೇ ತೆರೆದೆ.
ನೆಲದ ಮೇಲೆ ಧೂಳು, ಒಂದು ಬೆಕ್ಕಿನ ಹೆಜ್ಜೆ,
ಮೂರು ಅಂಕದ ಗೆರೆಯ ಮೇಲೇ ನಡೆದುಹೋದದ್ದು.
ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟಳು,
ಬಾಗಿಲ ಚೌಕಟ್ಟಿಗೆ ಡೋಲು ತಗುಲಿ
ಒಂದು ಸಲ ಢಂ ಎಂದಿತು.

ನನ್ನ ಪೆಟ್ಟಿಗೆ ಬೀರುವಿನಲ್ಲಿತ್ತು.
ಬರಿ ಮೇಜಿನ ಮೇಲೆ
ಬೆರಳು ಒತ್ತಿಬಿಟ್ಟಿತ್ತು.