ಅನ್ಯ ಪದಾರ್ಥ

ಮಾನದಂಡದ ನಾಲ್ಕನೇ ಕಲಮು ಹೇಳುತ್ತದೆ:
ಹಣ್ಣು ಇಡಿಯಾಗಿರಬೇಕು, ತಾಜಾ ಇರಬೇಕು,
ಬರಿಗಣ್ಣಿಗೆ ಕಾಣುವ ಅನ್ಯ ಪದಾರ್ಥ
ಅದರ ಮೇಲೆ ಇರತಕ್ಕದ್ದಲ್ಲ.

ಹೀಗೆ ಬರೆದವರು
ಬಳ್ಳಾರಿಯಲ್ಲಿ ಬೆಳಿಗ್ಗೆ ಒಂದು ಬಿಳಿ ಅಂಗಿ ಒಣಹಾಕಿ
ಸಂಜೆ ತೆಗೆದುಕೊಂಡವರಲ್ಲ.
ತರಬೇತಿಯಲ್ಲಿ ಚಿತ್ರ ತೋರಿಸಿದ್ದರು,
ಪಿಂಗಾಣಿ ತಟ್ಟೆಯಲ್ಲಿ ಒಂದೇ ಒಂದು ಅಂಜೂರ.
ಅದಕ್ಕೆ ಊರಿರಲಿಲ್ಲ.

ಐದೂವರೆ. ಯಾರ್ಡಿನ ಟ್ಯೂಬ್‌ಲೈಟಿಗೆ ಇನ್ನೂ ಹುಳ ಮುತ್ತುತ್ತಿದೆ.
ಗಾದಿಲಿಂಗಪ್ಪನ ಟಂಟಂ ಬಂದು ನಿಂತಿದೆ,
ನಲವತ್ತು ಕ್ರೇಟು, ಅಡಿಗೆ ಬೇವಿನೆಲೆ,
ತೊಟ್ಟು ಮುರಿದಲ್ಲಿ ಹಾಲು ಆರಿಲ್ಲ.
ಅವನ ತೋಟ ಸಂಡೂರು ರಸ್ತೆಗೆ ಆತುಕೊಂಡಿದೆ;
ರಾತ್ರಿಯಿಡೀ ಅದಿರಿನ ಲಾರಿ,
ಹರಿದ ಟಾರ್ಪಾಲು ಪಟಪಟ.

ನನ್ನ ಚೀಲದಲ್ಲಿ ತಕ್ಕಡಿ, ಚಾಕು, ಅಳತೆಯ ಉಕ್ಕಿನ ಉಂಗುರ,
ರಸದ ಸಿಹಿ ನೋಡುವ ಸಣ್ಣ ದುರ್ಬೀನು, ಮೂರು ಪ್ರತಿ ಫಾರಂ.
ಹಣ್ಣು ಆರಿಸುವ ಹೊನ್ನೂರಬಿಯ ಸೆರಗಿನ ಗಂಟಿನಲ್ಲಿ
ಮೊಮ್ಮಗಳ ಹಸಿರು ಬಳೆ.
ತೂರಿದರೆ ಸಣ್ಣದು, ತಡೆದರೆ ದೊಡ್ಡದು.
ಉಂಗುರದ ಮೇಲೆ ಬಳೆ ಇಟ್ಟು ನೋಡಿದೆ:
ಕೂದಲೆಳೆಯ ಫರಕಿಲ್ಲ.
ಇದನ್ನು ಬರೆಯಲು ಫಾರಮಿನಲ್ಲಿ ಜಾಗವಿಲ್ಲ.

"ತೊಳೆದು ತರಬೇಕಿತ್ತು" ಅಂದೆ.
"ಅಂಜೂರ ಯಾರಾರ ತೊಳೀತಾರೇನ್ರೀ ಮೇಡಂ!
ನೀರು ಮುಟ್ಟಿದ್ರ ಹೊತ್ತು ಮುಳುಗೋದ್ರೊಳಗ ಹುಳಿ.
ಇದರಾಗ ಒರೆಸೀನಿ ನೋಡ್ರಿ, ಒಂದೊಂದು"
ಎಂದು ತೋರಿಸಿದಳು:
ಗಂಡನ ಹಳೇ ಶೇವಿಂಗ್ ಬ್ರಷ್ಷು,
ಕೂದಲೆಲ್ಲ ಕಾವಿ.

ನೂರು ಹಣ್ಣು ತೆಗೆದೆ, ನಿಯಮದಂತೆ
ಮೇಲಿಂದಷ್ಟು, ನಡುವಿಂದಷ್ಟು, ತಳದಿಂದಷ್ಟು.
ನೂರಕ್ಕೆ ಹತ್ತು ತಪ್ಪಿದರೆ ಸರಕಾರ ತಾಳಿಕೊಳ್ಳುತ್ತದೆ,
ಅದಕ್ಕೆ ಸಹಿಷ್ಣುತೆ ಎಂದು ಹೆಸರು.
ಹನ್ನೊಂದನೆಯದಕ್ಕೆ
ಹೆಸರಿಟ್ಟಿಲ್ಲ.

ಇತ್ತು ಕೆಂಪು. ತೊಟ್ಟಿನ ಮಡಿಕೆಯಲ್ಲಿ, ಬುಡದ ಕಣ್ಣಿನಲ್ಲಿ,
ಬ್ರಷ್ಷು ಹೋಗದ ಕಡೆ.
ಏಳು. ಎಂಟು. ಹತ್ತು.
ಇನ್ನೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿದೆ.
ಕಂದುನೇರಳೆ ಸಿಪ್ಪೆಯ ಮೇಲೆ ಒಂದು ಗುರುತು,
ಸುರುಳಿ ಸುರುಳಿ, ಅಚ್ಚೊತ್ತಿದ ಹಾಗೆ
ನನ್ನದೇ ಹೆಬ್ಬೆರಳು.

ಫಾರಮಿನ ಮೇಲೂ ಇತ್ತು ಅದೇ,
ಸಹಿಗಿಂತ ಮೊದಲೇ ಬಿದ್ದು.

ಗಾದಿಲಿಂಗಪ್ಪ ಏನೂ ಕೇಳಲಿಲ್ಲ.
ಟಂಟಮಿನ ಟಯರು ಒದ್ದು ಗಾಳಿ ನೋಡುತ್ತಿದ್ದ.

ಒಳಗಿನ ಸ್ಥಿತಿ ನೋಡಲು ಕೊಯ್ಯುವ ಅಧಿಕಾರವಿದೆ ನನಗೆ.
ಕೊಯ್ದೆ.
ಅರ್ಧ ಹೊನ್ನೂರಬಿಗೆ, ಅರ್ಧ ನನಗೆ.
ಹತ್ತು ಎಂದು ಬರೆದೆ.

ಆಮೇಲೆ ಬಹಳ ಹೊತ್ತು
ಹಲ್ಲಿನ ಸಂದಿಯಲ್ಲಿ ಕರಕರ ಅಂತಿತ್ತು ಏನೋ.
ಅಂಜೂರದ ಬೀಜವೋ, ಸಂಡೂರಿನ ಗುಡ್ಡವೋ,
ಅದನ್ನು ಹೇಳುವ ಸಾಮಾನು
ಚೀಲದಲ್ಲಿ ಕೊಟ್ಟಿಲ್ಲ.